ಮಹಾಂತಯ್ಯನವರ ಎದುರು ಮಾತು

ಧಾರವಾಡದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತರಾದ ಮಹಾಂತಯ್ಯನವರಿಗೆ, ನಾಲ್ಕು ಜನ ಹೌದೆಂದದ್ದನ್ನು ಅಲ್ಲ ಎನ್ನದಿದ್ದರೆ ಉಂಡ ಅನ್ನ ಕರಗುತ್ತಿರಲಿಲ್ಲ. ತಮ್ಮದೇ ಕಾಲನಿಯ ಗೆಳೆಯ ಅಮರೇಶನ ಮನೆಯಲ್ಲಿ ಭಾನುವಾರ ಓದುಗರ ಕೂಟ ಸೇರುತ್ತಿತ್ತು. ಕೂಟದವರು ಸ್ವಾತಂತ್ರ್ಯ ಎಂದರೆ ಇವರು ಶಿಸ್ತು ಎನ್ನುವರು, ಎಲ್ಲರೂ ನಗುವರು.

ಒಮ್ಮೆ ಸಮಾನತೆಯ ಚರ್ಚೆ ನಡೆದಿದ್ದಾಗ, ಅದೇ ಮನೆಯಲ್ಲಿ ಕೆಲಸದವಳಿಗೆ ಬೇರೆ ಲೋಟದಲ್ಲಿ ಚಹಾ ಕೊಡುವುದನ್ನು ಇವರು ಎತ್ತಿ ಆಡಿದರು. ಆ ಮಾತು ಸುಳ್ಳೇನಲ್ಲ. ಅಂದು ಯಾರೂ ನಗಲಿಲ್ಲ. ಮುಂದೆ ಕೂಟಕ್ಕೆ ಕರೆಯೂ ಬರಲಿಲ್ಲ.

ಅವಮಾನ ಒಳಗೇ ಕುದಿಯಿತು. ಉದಾರವಾದಿಗಳೆಲ್ಲ ಸೋಗಿನವರು ಎಂದು ಪತ್ರಿಕೆಗೆ ಬರೆದರು. ಅದನ್ನೋದಿದ ಯುವಕರ ಸಂಘವೊಂದು ಕಾರು ಕಳಿಸಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಭಾಷಣಕ್ಕೆ ಕರೆಸಿತು. ಅಲ್ಲಿ ಇವರು, ಚುನಾವಣೆ ಬರೀ ಸಂತೆ, ದೇಶಕ್ಕೆ ಒಂದೇ ಗಟ್ಟಿ ಕೈ ಸಾಕು ಎಂದರು. ಅರ್ಧ ಚೇಷ್ಟೆಗೆ ಆಡಿದ ಮಾತಿಗೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇದನ್ನೆಲ್ಲ ನಂಬಿದ್ದೀರಾ ಎಂದು ಹೆಂಡತಿ ಬಾಳವ್ವ ಕೇಳಿದಾಗ, ಅಮರೇಶನ ಮೈ ಉರಿದರೆ ಸಾಕು ಎಂದು ನಕ್ಕರು. ಬರಬರುತ್ತ ಆ ನಗುವೂ ನಿಂತಿತು.

ಕಾಲನಿಯ ಮಳಿಗೆಯಲ್ಲಿ ಗೌಸಮೊದ್ದೀನನ ಹೊಲಿಗೆ ಅಂಗಡಿಯಿತ್ತು. ಸಾಯಂಕಾಲ ಅವನೂ ಮಹಾಂತಯ್ಯನವರೂ ಚದುರಂಗ ಆಡುವರು. ಮುಸಲ್ಮಾನರಿಗೆ ಮಳಿಗೆ ಬೇಡವೆಂದು ಸಂಘದ ಹುಡುಗರು ಕಾಲನಿಯವರ ಸಭೆ ಸೇರಿಸಿದರು. ಇದು ಅತಿಯಾಯಿತು ಎನ್ನಲೆಂದೇ ಮಹಾಂತಯ್ಯ ಹೋದರು. ಆದರೆ ಮೊದಲು ಎದ್ದವನು ಅಮರೇಶ. ಇದು ಅನ್ಯಾಯ ಎಂದು ಅವನು ಹೇಳುತ್ತಿದ್ದಂತೆ ಇವರ ನಾಲಿಗೆ ತಾನಾಗಿ ಹೊರಳಿತು.

"ಯಾರನ್ನ ಒಳಗ ಇಟ್ಕೋಬೇಕು ಅನ್ನೋದು ಮನಿ ಯಜಮಾನಗ ಬಿಟ್ಟದ್ದು. ದೇಶಕ್ಕೂ ಅದ ಮಾತು" ಎಂದರು.

ತೀರ್ಮಾನವಾಗಿಹೋಯಿತು.

ಹೊಲಿಗೆ ಯಂತ್ರವನ್ನು ಟೆಂಪೋಗೆ ಏರಿಸಿ ಗೌಸಮೊದ್ದೀನ ಇವರ ಬಾಗಿಲಿಗೆ ಬಂದ. "ಸರ್, ವಾದಕ್ಕಂತ ಅಂದ್ರೋ, ಖರೇನ ಅಂದ್ರೋ? ಅಷ್ಟ ಹೇಳ್ರಿ."

ಮಹಾಂತಯ್ಯ ಬಾಗಿಲಲ್ಲೇ ನಿಂತು ಹೇಳಿದರು: "ನಿನ್ನ ಮ್ಯಾಲೆ ಸಿಟ್ಟಿಲ್ಲಪಾ. ಇದು ತತ್ವದ ಮಾತು."

ಅವನು ತಲೆಯಾಡಿಸಿ ಹೋದ. ಅಂದಿನಿಂದ ಬಾಳವ್ವ ಊಟಕ್ಕೆ ಬಡಿಸಿ ಒಳಗೆ ಹೋಗುತ್ತಾಳೆ.

ಕಳೆದ ತಿಂಗಳು ಹತ್ತಿರದ ಹೆಬ್ಬಳ್ಳಿ ಗ್ರಾಮದಲ್ಲಿ ಇವರ ಭಾಷಣದ ನಡುವೆ ರೈತನೊಬ್ಬ ಎದ್ದು, ಆ ಗಟ್ಟಿ ಕೈ ನಮ್ಮ ಕುತ್ತಿಗೆಗೇ ಬಂದರೆ ಯಾರಿಗೆ ಹೇಳುವುದು ಎಂದು ಕೇಳಿದ.

"ಅವನ್ನ ಹೊರಗ ಕಳಸ್ರಿ" ಎಂದು ಮಹಾಂತಯ್ಯ ಸಂಘದ ಹುಡುಗರಿಗೆ ಮೆಲ್ಲಗೆ ಹೇಳಿ, ಭಾಷಣ ಮುಂದುವರಿಸಿದರು.