ಸುಜಾತಾ ಕಂಡ ಅರ್ಧಚಂದ್ರ

ಸುಜಾತಾ, ನೀನು ಹೇಳಿದ್ದೇ ಸರಿ ಎಂದು ನನಗೆ ಮರುದಿನವೇ ಗೊತ್ತಾಗಿತ್ತು. ಗೊತ್ತಿದ್ದೂ ಇಪ್ಪತ್ತೈದು ವರ್ಷ ಬಾಯಿ ಬಿಡಲಿಲ್ಲ.

ಡೊಂಬಿವಲಿಯ ನಮ್ಮ ಕನ್ನಡ ಶಾಲೆಯಲ್ಲಿ ಆಗ ವಿಜ್ಞಾನಕ್ಕೆ ಮೇಷ್ಟ್ರಿರಲಿಲ್ಲ. ಕನ್ನಡ ಕಲಿಸುತ್ತಿದ್ದ ನನ್ನ ತಲೆಗೇ ಏಳನೆಯ ತರಗತಿಯ ವಿಜ್ಞಾನವನ್ನೂ ಕಟ್ಟಿದ್ದರು. ಬಾರದ್ದನ್ನು ಬಾರದು ಎನ್ನಬಹುದಿತ್ತು — ಅನ್ನಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಪಾಠಗಳನ್ನೆಲ್ಲ ಒಂದೊಂದು ಸಾಲಿಗೆ ಇಳಿಸಿ, ಮಗ್ಗಿಯ ಹಾಗೆ ಒಟ್ಟಾಗಿ ಹೇಳಿಸುತ್ತಿದ್ದೆ. ಹೃದಯಕ್ಕೆ ನಾಲ್ಕು ಕೋಣೆ. ಗಿಡದ ಆಹಾರ ಎಲೆಯಲ್ಲಿ ತಯಾರಾಗುತ್ತದೆ. ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣವನಾಗುತ್ತಾನೆ — ಈ ಕೊನೆಯ ಸಾಲು ಯಾವ ಪುಸ್ತಕದ್ದೂ ಅಲ್ಲ, ನನ್ನದೇ.

ಟಿಟ್ವಾಳಾದಿಂದ ದಿನವೂ ಲೋಕಲ್ ರೈಲು ಹಿಡಿದು ಬರುತ್ತಿದ್ದ ನೀನು ಎದ್ದು ನಿಂತೆ.

"ಸರ್, ನಿನ್ನಿ ಸಂಜೀಕ ಸ್ಟೇಷನ್ ಬ್ರಿಜ್ ಮ್ಯಾಲಿಂದ ನೋಡೀನ್ರಿ. ಸೂರ್ಯನೂ ಇದ್ದ, ಅರ್ಧಾ ಚಂದ್ರನೂ ಇದ್ದ. ಭೂಮಿ ನಡುವ ಬಂದೇ ಇಲ್ಲ, ನೆಳ್ಳು ಹೆಂಗ ಬೀಳತೈತ್ರಿ?"

ನನಗೆ ಸಿಟ್ಟು ಬಂತು. "ನನಗಿಂತ ಜಾಸ್ತಿ ನಿನಗೆ ಗೊತ್ತುಂಟಾ?" ಎಂದೆ. ತರಗತಿ ನಕ್ಕಿತು. ಆ ಸಾಲನ್ನು ನಿನ್ನೊಬ್ಬಳ ಬಾಯಲ್ಲಿ ಹತ್ತು ಸಲ ಹೇಳಿಸಿದೆ. ಏಳನೆಯ ಸಲಕ್ಕೆ ನಿನ್ನ ದನಿ — ಬೇಡ, ಅದನ್ನು ಬರೆಯಲಾರೆ.

ನಿನ್ನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮರುದಿನ ನೌಪಾಡಾದಲ್ಲಿದ್ದ ನನ್ನ ವಿಜ್ಞಾನ ಶಿಕ್ಷಕ ಗೆಳೆಯನನ್ನು ಕೇಳಿದೆ. ಅವನು ಬಲ್ಬಿನ ಎದುರು ಮೂಸಂಬಿ ಹಿಡಿದು ತೋರಿಸಿದ: ಚಂದ್ರನ ಅರ್ಧಭಾಗ ಯಾವಾಗಲೂ ಬೆಳಗಿರುತ್ತದೆ, ಅದರಲ್ಲಿ ನಮಗೆ ಕಾಣುವ ಪಾಲು ಹೆಚ್ಚು ಕಡಿಮೆಯಾಗುತ್ತದೆ, ಅಷ್ಟೇ. ಭೂಮಿಯ ನೆರಳು ಬೀಳುವುದು ಗ್ರಹಣದಲ್ಲಿ ಮಾತ್ರ. ಹನ್ನೆರಡು ವರ್ಷದ ನೀನು ಬರಿಗಣ್ಣಿನಲ್ಲಿ ಕಂಡುಕೊಂಡದ್ದು ಇದನ್ನೇ.

ತರಗತಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮರ್ಯಾದೆ ಹೋಗುತ್ತದೆ ಎಂದು ಹೆದರಿದೆ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಇತ್ತು. ನೀನು ದುಂಡಗೆ ಬರೆದಿದ್ದೆ: ಭೂಮಿಯ ನೆರಳಿನಿಂದ. ಅದು ತಪ್ಪೆಂದು ಆ ಹೊತ್ತಿಗೆ ನಮ್ಮ ತರಗತಿಯಲ್ಲಿ ಬಲ್ಲವನು ನಾನೊಬ್ಬನೇ — ಆದರೂ ಸರಿ ಗುರುತು ಹಾಕಿ ಪೂರ್ತಿ ಅಂಕ ಕೊಟ್ಟೆ. ಮುಂದಿನ ವರ್ಷದ ಮಕ್ಕಳಿಗೆ ಸರಿಯಾಗಿಯೇ ಕಲಿಸಿದೆ, ಮೊದಲಿನಿಂದಲೂ ತಿಳಿದವನ ಹಾಗೆ.

ಕಳೆದ ವಾರ ಕೋಪರಖೈರಣೆಯಿಂದ ನೀನು ಫೋನ್ ಮಾಡಿದೆ. ನಿನ್ನ ಮಗನೂ ಈಗ ಏಳನೆಯ ತರಗತಿಯಂತೆ. ಪರೀಕ್ಷೆಗೆ ನೀನೇ ಓದಿಸಿದೆಯಂತೆ, ಚಂದ್ರನ ಉತ್ತರವನ್ನು ಅವನ ಟೀಚರ್ ಹೊಡೆದು ಹಾಕಿದರಂತೆ.

"ನೀವು ಬರೋಬರನ ಕಲಿಸಿರ್ತೀರಿ ಸರ್, ನಾನ ಮರ್ತೀನಿ. ಮಮ್ಮೀಗೆ ಸೈನ್ಸ್ ಬರಂಗಿಲ್ಲ ಅಂತ ಮಗ ನಗ್ತಾನ."

ನೀನೂ ನಕ್ಕೆ. ನಾನು ಏನೋ — ಹಾಗಾಗುತ್ತದೆ ಎಂದೋ ಏನೋ — ಹೇಳಿ ಫೋನ್ ಇಟ್ಟೆ. ಎರಡನೆಯ ಸಲವೂ ಸುಮ್ಮನಿದ್ದೆ. ಇದಕ್ಕೆ ವಯಸ್ಸಿನ ನೆಪ ಹೇಳುವುದಿಲ್ಲ.

ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಕ್ಷಮಿಸು ಎಂದು ಕೇಳುವ ಹಕ್ಕು ನನಗಿಲ್ಲ, ಕೇಳುವುದೂ ಇಲ್ಲ. ನಿನ್ನ ಮಗನನ್ನು ಎದುರಿಗೆ ಕೂರಿಸಿಕೊಂಡು, ಅವನ ಅಮ್ಮ ಹನ್ನೆರಡನೆಯ ವಯಸ್ಸಿನಲ್ಲಿ ಕೇಳಿದ ಪ್ರಶ್ನೆಯನ್ನು ಹೇಳುತ್ತೇನೆ. ಅದಕ್ಕೆ ನಾನು ಕೊಟ್ಟ ಉತ್ತರವನ್ನೂ.