ವಿಭೂತಿ ಹಚ್ಚಿಕೊಂಡ ಚಿತ್ರಕಾರ

ಹಳೆಯ ಚಿತ್ರಗಳನ್ನು ಶುಚಿ ಮಾಡುವುದು ನನ್ನ ಕೆಲಸ. ಅತ್ತಿಗುಂಡಿಯ ಎಸ್ಟೇಟ್ ಮನೆಯೊಂದರಲ್ಲಿ 'ನಮ್ಮಜ್ಜ' ಅಂತ ಒಂದು ತೈಲಚಿತ್ರ ಕೊಟ್ಟರು. ಹಣೆ ತುಂಬ ವಿಭೂತಿ, ಉಳಿದಲ್ಲೆಲ್ಲ ಊದುಬತ್ತಿಯ ಮಸಿ. ಮೆಲ್ಲಗೆ ಒರೆಸುತ್ತಾ ಹೋದೆ. ಅಜ್ಜನ ಹಿಂದೆ, ಕಿಟಕಿಯಾಚೆ ಕಾಣುವ ಅದೇ ಗಿರಿ ಮೂಡಿತು. ಆಮೇಲೆ ಕೈಯಲ್ಲೊಂದು ಬ್ರಶ್.

"ನಿಮ್ಮಜ್ಜ ಚಿತ್ರ ಬರೀತಿದ್ರಾ ಅಮ್ಮಾ?"

ಮನೆಯ ಹಿರಿಯಮ್ಮ ಹತ್ತಿರ ಬಂದು ಬ್ರಶ್ ನೋಡಿದರು. "ಇಲ್ಲಪ್ಪ. ಹಳೇ ಮಾಲೀಕರ ಕಾಲದಲ್ಲಿ ಗುಡ್ಡದ ಚಿತ್ರ ಬರೆಯೋರು ಒಬ್ರು ಇಲ್ಲಿ ಉಳ್ಕೊಂಡಿದ್ರಂತೆ. ಅವ್ರೇ ಇರ್ಬೇಕು. ನಾವು ಎಸ್ಟೇಟ್ ತಗೊಂಡಾಗ ಇದು ಗೋಡೇಲೇ ಇತ್ತು. ಅತ್ತೆ ಪೂಜೆ ಮಾಡ್ತಿದ್ರು, ನಾನೂ ಮಾಡ್ದೆ."

"ಹಾಗಾದ್ರೆ ನಾನು ಒರೆಸಿದ ವಿಭೂತಿ?"

"ಮತ್ತೆ ಹಚ್ಚಿಬಿಡು ಮಾರಾಯ. ಇಷ್ಟು ವರ್ಷ ಅಜ್ಜ ಆಗಿದ್ದೋರನ್ನ ಈಗ ನೆಂಟರಲ್ಲ ಅನ್ನೋಕಾಗುತ್ತಾ?"

ಹಚ್ಚಿ ಹೊರಬಂದೆ. ಎದುರಿನ ಗಿರಿಯ ಹಣೆಗೂ ಮಂಜು ಮೂರು ಪಟ್ಟೆ ಎಳೆದಿತ್ತು. ಅದು ಯಾರ ಅಜ್ಜನೋ, ನಾನು ಕೇಳಲು ಹೋಗಲಿಲ್ಲ.