ಎಲೆ ತಿರುವುವ ಚಟ

ಹಿಡಕಲ್ ಬಾಜೂವಿನ ಸಾಗವಾನಿ ಕಾಡಿನಲ್ಲಿ ಎಲೆ ತಿನ್ನುವ ಹುಳುವಿನ ಪತಂಗದ ಮೇಲೆ ವರ್ಷಗಟ್ಟಲೆ ಕಣ್ಣಿಡುವುದು ನನ್ನ ನೌಕರಿಯಾಗಿತ್ತು. ಪ್ರತಿ ಮಳೆಗಾಲ ಅವೇ ಗಿಡಗಳ ಎಲೆ ತಿರುವಿ ತತ್ತಿ ಹುಡುಕುತ್ತಿದ್ದೆ. ಒಂದು ವರ್ಷ ಮಳೆ ಬಿದ್ದರೂ ಪತಂಗ ಬರಲಿಲ್ಲ. ಕಾಡು ಉಳಿಯಿತೆಂದು ನಮ್ಮ ಸಾಹೇಬರು ಖುಷಿಪಟ್ಟರು. ಇಲ್ಲದ್ದನ್ನು ಕಾಯುವ ಸಂಕಟ ಅವರಿಗೇನು ಗೊತ್ತು! ನನಗೆ ಕುಂತಲ್ಲಿ ಕುಂದರಲಾಗುತ್ತಿರಲಿಲ್ಲ. ಎಲ್ಲಿ ಹೋದವು ಅವು?

ಅದೇ ಗುಂಗಿನಲ್ಲಿ ಹುಕ್ಕೇರಿಗೆ ಕನ್ಯಾ ನೋಡಲು ಹೋದೆ. ಎಲಿ-ಅಡಿಕಿ ತಾಟು ಮುಂದೆ ಬಂತು. ಹುಡುಗಿಯ ಮುಖ ನೋಡುವ ಬದಲು ಒಂದು ಎಲೆ ತಿರುವಿ ಬೆಳಕಿಗೆ ಹಿಡಿದೆ.

"ಏನ್ರಿ, ನಮ್ಮ ಎಲ್ಯಾಗ ಏನ್ ಹುಡಕಾಕತ್ತೀರಿ?" ಅವಳಪ್ಪ ಸಿಟ್ಟಿಗೆದ್ದರು.

"ತತ್ತಿ ರೀ," ಎಂದೆ.

ಹುಡುಗಿ ಬಾಯಿಗೆ ಸೆರಗು ಹಿಡಿದು ನಕ್ಕಳು.

ಲಗ್ನವಾಯಿತು. ಈಗ ಅವಳೇ ಎಲೆ ತಿರುವಿ ನೋಡಿ, "ಏನೂ ಇಲ್ರಿ, ತಿನ್ರಿ," ಎಂದು ಕೊಡುತ್ತಾಳೆ. ನಾನು ಇನ್ನೊಮ್ಮೆ ತಿರುವುತ್ತೇನೆ.